ಕಾಸ್ ಪಠಾರದಲ್ಲಿ ಕಡಿಮೆ ಕಾಸಿನ ಮ್ಯಾಕ್ರೋ

ಪುಣೆಯ ಕನ್ನಡಿಗರಿಗೆ ಸೆಪ್ಟೆಂಬರ್ ಬಂತೆಂದರೆ ಒಂದು ಪ್ರಶ್ನೆ ತಪ್ಪಿದ್ದಲ್ಲ: “ಕಾಸ್‌ಗೆ ಹೋಗಿ ಬಂದ್ರಾ?” ಸಾತಾರಾದಿಂದ ಸುಮಾರು 25 ಕಿ.ಮೀ. ಘಾಟಿ ಹತ್ತಿದರೆ, 1200 ಮೀಟರ್ ಎತ್ತರದಲ್ಲಿ ಕಾಸ್ ಪಠಾರ. 2012ರಲ್ಲಿ ಪಶ್ಚಿಮ ಘಟ್ಟದ ಭಾಗವಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ.

ಫೋಟೋಗಳಲ್ಲಿ ಕಾಣುವುದು ನೇರಳೆ ಹಾಸು. ಮಂಡಿಯೂರಿ ನೋಡಿದರೆ ಒಂದೊಂದು ಹೂವೂ ಕಿರುಬೆರಳ ಉಗುರಿನಷ್ಟು. ಮರಾಠಿಯಲ್ಲಿ ಇದು ‘ಸೀತೇಚಿ ಆಸವೇ’, ಸೀತೆಯ ಕಣ್ಣೀರು. ನಮ್ಮ ಮಲೆನಾಡಲ್ಲಿ ಸೀತೆಯ ಹೆಸರು ಹೊತ್ತದ್ದು ಮರದ ಮೇಲೆ ತೂಗುವ ಸೀತಾಳೆ ದಂಡೆ. ಅಲ್ಲಿ ಮುಡಿಯುವ ದಂಡೆ, ಇಲ್ಲಿ ಸುರಿಸಿದ ಕಣ್ಣೀರು! ಅಂದಹಾಗೆ ಈ ಕಣ್ಣೀರಿನ ಗಿಡ ಕೀಟಾಹಾರಿ. ನೀರೊಳಗಿನ ಪುಟ್ಟ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆ.

ಇಂಥದ್ದನ್ನು ಹಿಡಿಯಲು ಮ್ಯಾಕ್ರೋ ಲೆನ್ಸ್ ಬೇಕು, ಅದಕ್ಕೆ ಹತ್ತಾರು ಸಾವಿರ ಬೇಕು. ಬಾಡಿಗೆ, ಮಗಳ ಫೀಸು ಕಳೆದ ಮೇಲೆ ಆ ಮಾತು ಮನೆಯಲ್ಲಿ ಎತ್ತುವಂತಿಲ್ಲ. ನನ್ನ ಹಳೆಯ ಡಿಎಸ್‌ಎಲ್‌ಆರ್ ಜೊತೆ ಇರುವುದು ಒಂದು 50 ಎಂಎಂ, ಒಂದು 55-250 ಝೂಮ್.

ಎಲ್ಲಕ್ಕಿಂತ ಅಗ್ಗ ರಿವರ್ಸ್ ರಿಂಗ್, ನೂರರ ಲೆಕ್ಕದ ಬೆಲೆ. 50 ಎಂಎಂ ಲೆನ್ಸನ್ನು ಹಿಂದುಮುಂದಾಗಿ ಕೂರಿಸಿದರೆ ಹೂವು ಸೆನ್ಸರ್ ಮೇಲೆ ಹೆಚ್ಚುಕಡಿಮೆ ನಿಜ ಗಾತ್ರದಲ್ಲೇ ಬೀಳುತ್ತದೆ. ಎಕ್ಸ್‌ಟೆನ್ಷನ್ ಟ್ಯೂಬ್ ಎಂದರೆ ಒಳಗೆ ಗಾಜಿಲ್ಲದ ಖಾಲಿ ಕೊಳವೆ. 50 ಎಂಎಂ ಹಿಂದೆ 25 ಎಂಎಂ ಟ್ಯೂಬ್ ಸಿಕ್ಕಿಸಿದರೆ ಅರ್ಧದಷ್ಟು ಹಿಗ್ಗು ಹೆಚ್ಚುತ್ತದೆ. ಕೊಳ್ಳುವುದಾದರೆ ವಿದ್ಯುತ್ ಸಂಪರ್ಕದ ಪಿನ್ನುಗಳಿರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಈಗಿನ ಲೆನ್ಸುಗಳ ಅಪರ್ಚರ್ ಕೈಗೆ ಸಿಗುವುದಿಲ್ಲ.

ಮನೆಯ ಬಾಲ್ಕನಿಯ ದಾಸವಾಳಕ್ಕೆ ಇವೆರಡೂ ಸಾಕು. ಕಾಸ್‌ಗೆ ಮಾತ್ರ ನಾನು ಒಯ್ಯುವುದಿಲ್ಲ. ಎರಡರಲ್ಲೂ ಹೂವಿಗೂ ಲೆನ್ಸಿಗೂ ನಡುವೆ ಗೇಣು ದೂರವೂ ಇರದು. ಅಷ್ಟು ಹತ್ತಿರವಾಗಬೇಕಾದರೆ ದಾರಿ ಬಿಟ್ಟು ಇಳಿಯಲೇಬೇಕು. ಅಲ್ಲಿರುವುದು ಮುರಕಲ್ಲಿನ ಮೇಲೆ ತೆಳ್ಳನೆಯ ಮಣ್ಣಿನ ಪದರ. ಒಂದು ಬೂಟು ಊರಿದರೆ ಹತ್ತಿಪ್ಪತ್ತು ಗಿಡ ಹೋದಂತೆಯೇ. ಒಂದು ಚಿತ್ರಕ್ಕೆ ಇಷ್ಟು ಬೆಲೆಯೇ? ಕಳೆದ ಸಲ ಕಾವಲಿನವರು ಪಕ್ಕದ ಹುಡುಗರಿಗೆ ಹೇಳುತ್ತಿದ್ದರು, “ದಾದಾ, ಕ್ಯಾಮೆರಾ ಎಲ್ಲಿಗಾದರೂ ಚಾಚು, ಕಾಲು ದಾರಿಯಲ್ಲಿರಲಿ.”

ಅದಕ್ಕೆ ಹೊಂದುವುದು ಝೂಮಿನ ಮುಂದೆ ತಿರುಗಿಸಿ ಹಾಕುವ ಕ್ಲೋಸ್-ಅಪ್ ಲೆನ್ಸ್. +4 ಡಯಾಪ್ಟರ್ ಗಾಜು, ಝೂಮ್ 250ಕ್ಕೆ, ಫೋಕಸ್ ಅನಂತಕ್ಕೆ: ಹೂವು 25 ಸೆಂ.ಮೀ. ದೂರದಲ್ಲಿದ್ದೂ ನಿಜ ಗಾತ್ರಕ್ಕೆ ಬರುತ್ತದೆ. ಒಂಟಿ ಗಾಜಿನವು ಅಗ್ಗ, ಆದರೆ ಅಂಚಿನಲ್ಲಿ ನೇರಳೆ-ಹಸಿರು ಗೆರೆ ಮೂಡುತ್ತದೆ. ಎರಡು ಗಾಜು ಅಂಟಿಸಿದ ಅಕ್ರೊಮ್ಯಾಟ್ ಸ್ವಲ್ಪ ದುಬಾರಿ, ನನ್ನ ಮಟ್ಟಿಗೆ ಆ ಹೆಚ್ಚಿನ ದುಡ್ಡು ಸಾರ್ಥಕ. ಎಫ್/11 ಇಟ್ಟು, ಫೋಕಸ್ ರಿಂಗ್ ಮುಟ್ಟದೆ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಬೇಕು. ಪಠಾರದ ಗಾಳಿ ಬಿಡುವುದಿಲ್ಲ. ಹತ್ತು ತೆಗೆದರೆ ಒಂದು ಉಳಿದೀತು.

ಈ ಸಲ ಉಳಿದದ್ದು ದಾರಿಯಂಚಿನ ಒಂದು ಡ್ರೊಸೆರಾ. ಕೆಂಪು ರೋಮಗಳ ತುದಿಯಲ್ಲಿ ಅಂಟು ಹನಿ, ಹನಿಯಲ್ಲಿ ಸಿಕ್ಕಿಕೊಂಡ ನೊರಜು. ಹೆಂಡತಿ ಪರದೆ ನೋಡಿ, “ಅಯ್ಯೋ, ಇದಿನ್ನೂ ಕಾಲಾಡಿಸ್ತಿದೆ ಕಣ್ರೀ” ಎಂದಳು. ಅಷ್ಟರಲ್ಲಿ ಮಳೆ. ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಸಾತಾರಾಕ್ಕೆ ಇಳಿದು, ಅಲ್ಲಿನ ಕಂದಿ ಪೇಢೆ ಅರ್ಧ ಕಿಲೋ ಕಟ್ಟಿಸಿಕೊಂಡೆವು.