ಎಸೆಯುವ ಮುನ್ನ ಒಂದು ಸಹಿ

ಕಳೆದ ದಸರಾ ರಜೆಗೆ ನನ್ನ ಮೊಮ್ಮಗಳು ಬೆಂಗಳೂರಿನಿಂದ ಅರಸೀಕೆರೆಗೆ ಬಂದಿದ್ದಳು. ಐದನೇ ಕ್ಲಾಸು. ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತೇವೆ. ಬೇಲೂರು, ಹಳೇಬೀಡು ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಬೆಳಿಗ್ಗೆಯೇ ಬಸ್ಸು ಹತ್ತಿದೆವು.

ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರಲ್ಲಿ ಹೊಯ್ಸಳ ವಿಷ್ಣುವರ್ಧನನ ಕಾಲದ್ದು. ಅಲ್ಲಿನ ಮದನಿಕೆಯರನ್ನು ಕತ್ತೆತ್ತಿ ನೋಡಿದ ಪುಟ್ಟಿಗೆ ಹಿಡಿಸಿದ್ದು ಮಾತ್ರ ಬೇರೆಯೇ. ಕೆಲವು ಶಿಲ್ಪಗಳ ಕೆಳಗೆ, ಅವನ್ನು ಕೆತ್ತಿದವರ ಹೆಸರೂ ಇದೆ ಎಂದೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಹೀಗೆ.

“ಹೆಸರು ಯಾಕೆ ಬರೀತಿದ್ರು ತಾತ?”

“ಇದು ನನ್ನ ಕೆಲಸ, ಇದಕ್ಕೆ ನಾನು ಜವಾಬ್ದಾರ ಅಂತ. ನಾನೂ ಬ್ಯಾಂಕಿನಲ್ಲಿ ಹಾಗೇ ಮಾಡ್ತಿದ್ದೆ. ನನ್ನ ಕೈ ದಾಟಿದ ಒಂದೊಂದು ವೋಚರಿಗೂ ಪುಟ್ಟ ಸಹಿ. ತಪ್ಪಾದರೆ ಯಾರದ್ದು ಅಂತ ಗೊತ್ತಾಗಬೇಕಲ್ಲ” ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಆ ಹೆಮ್ಮೆ ಸಂಜೆಯವರೆಗೂ ಉಳಿಯಲಿಲ್ಲ. ಹಳೇಬೀಡಿನಲ್ಲಿ ಬಿಸಿಲು ಜೋರಾಗಿತ್ತು. ಒಂದು ಬಾಟಲಿ ನೀರು ಕೊಂಡು ಕುಡಿದೆ. ದ್ವಾರಸಮುದ್ರದ ಕೆರೆಯ ಹತ್ತಿರ ನಿಂತಿದ್ದಾಗ ಖಾಲಿ ಬಾಟಲಿ ಕೈಗೆ ಭಾರವೆನಿಸಿತು. ಅತ್ತಿತ್ತ ನೋಡಿ ಪೊದೆಯ ಹಿಂದೆ ಬಿಟ್ಟುಬಿಟ್ಟೆ. ಪುಟ್ಟಿ ನೋಡಿದಳು. ಒಂದು ಮಾತೂ ಆಡಲಿಲ್ಲ. ಹೋಗಿ ಬಾಟಲಿ ಎತ್ತಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಬೈದಿದ್ದರೆ ಏನಾದರೂ ನೆಪ ಹೇಳುತ್ತಿದ್ದೆ. ಬಸ್ಸಿನಲ್ಲಿ ಊರು ಸೇರುವವರೆಗೂ ಅವಳ ಮುಖ ನೋಡಲು ನನಗೆ ಸಂಕೋಚವಾಯಿತು.

ಮನೆಗೆ ಬಂದವಳೇ ಮಾರ್ಕರ್ ಪೆನ್ನು ತಂದು ಬಾಟಲಿಯನ್ನು ನನ್ನ ಮುಂದಿಟ್ಟಳು. “ಸಹಿ ಮಾಡಿ ತಾತ.” ಮಾಡಿದೆ. ಅಂದಿನಿಂದ ಹೊಸ ಕಾನೂನು ಜಾರಿಗೆ ಬಂತು: ಒಂದು ವಾರ, ಯಾರೇ ಪ್ಲಾಸ್ಟಿಕ್ ಎಸೆಯಲಿ, ಅದರ ಮೇಲೆ ಹೆಸರು ಬರೆದು ಒಂದು ಚೀಲಕ್ಕೆ ಹಾಕಬೇಕು. ಲೆಕ್ಕ ಬರೆಯುವ ಗುಮಾಸ್ತ ನಾನೇ. ಹಾಲಿನ ಪ್ಯಾಕೆಟ್ಟೆಲ್ಲ ತನ್ನ ಖಾತೆಗೆ ಬೀಳುತ್ತಿದೆ ಎಂದು ಸೊಸೆ ತಕರಾರು ತೆಗೆದಳು. ನ್ಯಾಯವೇ. ಅದಕ್ಕೊಂದು ಜಾಯಿಂಟ್ ಅಕೌಂಟ್ ತೆರೆದೆವು.

ವಾರದ ಕೊನೆಗೆ ಜಗಲಿಯ ಮೇಲೆ ಚೀಲ ಸುರಿದು ಎಣಿಸಿದೆವು. ಒಟ್ಟು 76. ಜಾಯಿಂಟ್ ಖಾತೆ 14, ಮಗನದು 17, ಸೊಸೆಯದು 8, ಪುಟ್ಟಿಯದು 11. ನನ್ನದು 26! “ಈಗಿನ ಮಕ್ಕಳಿಗೆ ಎಸೆಯೋದೊಂದೇ ಗೊತ್ತು” ಎಂದು ವರ್ಷಗಟ್ಟಲೆ ಉಪದೇಶ ಮಾಡಿದವನು ನಾನು. ಮಾತ್ರೆಯ ಹಾಳೆ 4, ಬಿಸ್ಕತ್ತಿನದು 5, ಶಾಂಪೂ 3, ಆ ಬಾಟಲಿ 1. ಉಳಿದ 13 ಬರಿಗೈಯಲ್ಲಿ ಅಂಗಡಿಗೆ ಹೋಗಿ ತಂದ ತೆಳು ಕವರುಗಳು. ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿದ ಮಾಲು. ನಾನು ಕೈ ಚಾಚಿದ್ದರಿಂದಲೇ ಅವರು ಕೊಟ್ಟರು.

ಗುಜರಿಯವನಿಗೆ ತೋರಿಸಿದೆವು. ಬಾಟಲಿ ತೆಗೆದುಕೊಂಡ, ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟನ್ನೂ ತೆಗೆದುಕೊಂಡ. ಬಿಸ್ಕತ್ತು, ಶಾಂಪೂವಿನದನ್ನು ಮುಟ್ಟಲಿಲ್ಲ. ಅವುಗಳಲ್ಲಿ ಬೇರೆ ಬೇರೆ ಬಗೆಯ ಪದರಗಳನ್ನು ಅಂಟಿಸಿರುತ್ತಾರೆ. ಬಿಡಿಸುವುದು ಕಷ್ಟ, ಹಾಗಾಗಿ ಕೊಳ್ಳುವವರಿಲ್ಲ. ಮಕ್ಕಳೇ, ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರೆ ಮಾಡಬೇಡಿ. ಪ್ಯಾಕೆಟ್ಟಿಗೇ ಅಂಟಿಕೊಂಡಿದ್ದರೆ ಜೊತೆಗೇ ಹೋಗುತ್ತದೆ. ಬೇರೆಯಾದರೆ ಚರಂಡಿ ಸೇರುತ್ತದೆ.

ನಮ್ಮದು ತೆಂಗಿನ ಊರು. ನಮ್ಮಮ್ಮನ ಕಾಲದಲ್ಲಿ ಒಂದು ಕಾಯಿ ಒಡೆದರೆ ಯಾವುದೂ ಹೊರಗೆ ಬೀಳುತ್ತಿರಲಿಲ್ಲ. ನಾರು ಪಾತ್ರೆ ಉಜ್ಜಲು, ಚಿಪ್ಪು ಸೌಟಿಗೆ ಇಲ್ಲವೇ ನೀರೊಲೆಗೆ, ಗರಿ ಚಪ್ಪರಕ್ಕೆ, ಗರಿಯ ಕಡ್ಡಿ ಪೊರಕೆಗೆ. ಒಲೆಯ ಬೂದಿಯೂ ಮತ್ತೆ ತೆಂಗಿನ ಬುಡಕ್ಕೇ. ಲೆಡ್ಜರಿನಲ್ಲಿ ಹೇಗೆ ದುಡ್ಡು ಮಾಯವಾಗದೆ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತದೋ ಹಾಗೆ. “ಎಸೆದೆ” ಎಂಬ ಖಾತೆ ಯಾವ ಪುಸ್ತಕದಲ್ಲೂ ಇಲ್ಲ. ನಾವು ಎಸೆದದ್ದು ಕೆರೆಯ ಖಾತೆಗೋ ಹಸುವಿನ ಹೊಟ್ಟೆಯ ಖಾತೆಗೋ ಜಮಾ ಆಗಿರುತ್ತದೆ, ಅಷ್ಟೆ.

ಎರಡನೇ ವಾರಕ್ಕೆ ನನ್ನ ಲೆಕ್ಕ 9ಕ್ಕೆ ಇಳಿಯಿತು. ಬಟ್ಟೆಯ ಚೀಲವೊಂದನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡದ್ದೇ ದೊಡ್ಡ ಸಾಧನೆ. ಮಾತ್ರೆ ಬಿಡಲಾಗುವುದಿಲ್ಲ. ಅದು ಇರಲಿ ಎಂದು ಪುಟ್ಟಿಯೇ ಮಾಫಿ ಮಾಡಿದಳು.

ಇನ್ನು ನೀರಿನ ಬಾಟಲಿ. ಅವಳು ಹೊರಡುವ ಹಿಂದಿನ ದಿನ ಅಟ್ಟ ಹುಡುಕಿ ಹಿತ್ತಾಳೆಯ ತಿರುಗಣಿ ಚೊಂಬನ್ನು ಇಳಿಸಿದೆ. ಹಿಂದೆ ರೈಲು ಪ್ರಯಾಣಕ್ಕೆಲ್ಲ ಅದರಲ್ಲೇ ನೀರು ಒಯ್ಯುತ್ತಿದ್ದೆವು. ಮುಚ್ಚಳ ತಿರುಗಿಸಿದರೆ ಹನಿ ಚೆಲ್ಲದು. ಒಮ್ಮೆ ನಾನು ಅದನ್ನು ತೂಕಕ್ಕೆ ಹಾಕಲು ಹೊರಟಿದ್ದೆ. ನನ್ನ ಹೆಂಡತಿ ಜಗಳವಾಡಿ ಕಿತ್ತುಕೊಂಡು ಅಟ್ಟದಲ್ಲಿ ಬಚ್ಚಿಟ್ಟಿದ್ದಳು. ಅವಳೀಗ ಇಲ್ಲ.

ಪುಟ್ಟಿ ಹುಣಸೆಹಣ್ಣು ಹಾಕಿ ಉಜ್ಜಿದಳು. ಕಪ್ಪು ಹೋದಂತೆ ಚೊಂಬಿನ ಕಂಠದಲ್ಲಿ ಚುಕ್ಕಿ ಚುಕ್ಕಿಯ ಅಕ್ಷರಗಳು ಕಂಡವು. “ತಾತ, ಇಲ್ಲಿ ಅಜ್ಜಿ ಹೆಸರಿದೆ!”

ಹೌದು, ಮದುವೆಯ ಪಾತ್ರೆಗಳಿಗೆಲ್ಲ ಆಗ ಹೆಸರು ಹಾಕಿಸುತ್ತಿದ್ದರು. ನಾನು ಮರೆತೇಬಿಟ್ಟಿದ್ದೆ. ಮುಂದಿನ ರಜೆಗೆ ಹಳೇಬೀಡಿಗೆ ಮತ್ತೆ ಹೋಗುವುದೆಂದು ತೀರ್ಮಾನವಾಗಿದೆ. ಚೊಂಬು ನನ್ನ ಕೈಯಲ್ಲೇ ಇರುತ್ತದೆ. ಭಾರ ಎನ್ನುವಂತಿಲ್ಲ.