ಕಾಲು ಮುರಿದುಕೊಂಡು ಕುಳಿತಾಗ ಕಂಡ ಚಿತ್ರಗಳು

ಕಳೆದ ಮಳೆಗಾಲದಲ್ಲಿ ಹಿತ್ತಲಿನ ಪಾಚಿಗಟ್ಟಿದ ಚಪ್ಪಡಿಯ ಮೇಲೆ ಜಾರಿಬಿದ್ದು ಬಲಗಾಲಿನ ಮೂಳೆ ಮುರಿದುಕೊಂಡೆ. ಆರು ವಾರ ಕಾಲನ್ನು ನೆಲಕ್ಕೆ ಊರಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಮೂವತ್ತೊಂದು ವರ್ಷ ತರಗತಿಯಲ್ಲಿ ನಿಂತೇ ಪಾಠ ಹೇಳಿದವನಿಗೆ ಇದಕ್ಕಿಂತ ಘೋರವಾದ ಶಿಕ್ಷೆ ಇನ್ನೊಂದಿಲ್ಲ. ನನ್ನ ಗೊಣಗಾಟವನ್ನು ದೂರವಾಣಿಯಲ್ಲೇ ಕೇಳಿ ಬೇಸತ್ತ ಮಗಳು ಪುಣೆಯಿಂದಲೇ ನಮ್ಮ ಟಿ.ವಿ.ಗೆ ಅದೇನೋ ಸಂಪರ್ಕ ಕೊಡಿಸಿದಳು. "ಅಪ್ಪಾ, ದಿನಕ್ಕೊಂದು ಸಿನಿಮಾ ನೋಡಿ, ಅಮ್ಮನ ತಲೆ ತಿನ್ನಬೇಡಿ" ಎಂದು ತಾಕೀತು ಮಾಡಿದಳು.

ನಾನು ಚಿತ್ರರಸಿಕನಲ್ಲ. ಚಿತ್ರಮಂದಿರಕ್ಕೆ ಕೊನೆಯ ಬಾರಿ ಹೋದದ್ದು ಶಾಲೆಯ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು. ಆಗಲೂ ಪರದೆಗಿಂತ ಹೆಚ್ಚಾಗಿ ಮಕ್ಕಳ ತಲೆ ಎಣಿಸುವುದರಲ್ಲೇ ಮಗ್ನನಾಗಿದ್ದೆ. ಆದುದರಿಂದ ಓದುಗರು ಈ ಮಾತುಗಳನ್ನು ವಿಮರ್ಶೆಯೆಂದು ತಿಳಿಯಬಾರದು.

ಮೊದಲು ನೋಡಿದ್ದು ತಂಗಿಯ ಮೊಮ್ಮಗನ ಒತ್ತಾಯಕ್ಕೆ, 2022ರಲ್ಲಿ ತೆರೆಕಂಡ 'ಕೆ.ಜಿ.ಎಫ್.'ನ ಎರಡನೆಯ ಭಾಗ. ಹುಡುಗ ಸೋಫಾದ ಮೇಲೆ ಕುಣಿದ; ನಾನು ಎರಡು ಸಲ ಶಬ್ದ ತಗ್ಗಿಸಲು ಹೇಳಿದೆ. ತಾಯಿಗೆ ಕೊಟ್ಟ ಮಾತಿಗಾಗಿ ಲೋಕವನ್ನೇ ಗೆಲ್ಲಹೊರಟ ಮಗನ ಕಥೆ ಅದು. ಯಶ್ ಅವರ ನಡಿಗೆಯಲ್ಲಿ ಒಂದು ಠೀವಿಯಿದೆ, ಅಲ್ಲವೆನ್ನಲಾರೆ. ಆದರೆ ಕೋಲಾರದ ಚಿನ್ನದ ಗಣಿಯ ಹೆಸರು ಕಿವಿಗೆ ಬಿದ್ದೊಡನೆ ನನಗೆ ನೆನಪಾದವರು ಅಲ್ಲಿಂದ ಬಂದಿದ್ದ ನನ್ನ ಸಹೋದ್ಯೋಗಿ. ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ತಂದೆಯ ಕೆಮ್ಮು ಕೇಳಿಯೇ ತಮಗೆ ಬೆಳಗಾಗುತ್ತಿತ್ತೆಂದು ಅವರು ಹೇಳುತ್ತಿದ್ದರು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ತು ಹರಿದುಬಂದ ಊರು ಅದು. ಚಾಂಪಿಯನ್ ರೀಫ್ ಗಣಿಯಲ್ಲಿ ಜನ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿತ್ರದ ಗಣಿ ಕೇವಲ ಕಲ್ಪನೆಯದೆಂದು ನಾನು ಬಲ್ಲೆ. ಆದರೂ ಅಷ್ಟೊಂದು ಗುಂಡಿನ ಸದ್ದಿನ ನಡುವೆ ಆ ಕೆಮ್ಮು ಒಮ್ಮೆಯಾದರೂ ಕೇಳಿಸಬೇಕಿತ್ತೆಂಬ ಆಸೆ ನನ್ನದು.

ಮರುದಿನ 'ತಿಥಿ'. ರಾಮ್ ರೆಡ್ಡಿಯವರ ಈ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಪ್ರಶಸ್ತಿ ಚಿತ್ರವೆಂದರೆ ನಿದ್ದೆ ಖಂಡಿತವೆಂದು ನನ್ನಾಕೆ ದಿಂಬು ತಂದಿಟ್ಟುಕೊಂಡಿದ್ದಳು. ಅದು ಉಪಯೋಗಕ್ಕೆ ಬರಲಿಲ್ಲ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ, ಹಾದುಹೋಗುವವರನ್ನೆಲ್ಲ ಛೇಡಿಸುತ್ತ ಕುಳಿತ ನೂರೊಂದು ವರ್ಷದ ಸೆಂಚುರಿ ಗೌಡ ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಾನೆ. ಅಲ್ಲಿಂದ ಹನ್ನೊಂದನೆಯ ದಿನದ ತಿಥಿಯವರೆಗಿನ ಕಥೆ. ಮಗ ಗಡ್ಡಪ್ಪನಿಗೆ ಸಾವೂ ಬೇಡ, ಆಸ್ತಿಯೂ ಬೇಡ. ಬ್ರಾಂದಿಯ ಬಾಟಲಿಯೊಂದಿಗೆ ಹೊಲಗದ್ದೆ ಅಲೆಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಅದಕ್ಕಾಗಿ ಬದುಕಿರುವ ತಂದೆಗೇ ಮರಣಪತ್ರ ಮಾಡಿಸುತ್ತಾನೆ! ಮರಿಮಗನಿಗೆ ಕುರಿಗಾಹಿ ಹುಡುಗಿಯ ಹಿಂದೆ ಸುತ್ತುವ ಚಿಂತೆ. ನಟಿಸಿದವರು ವೃತ್ತಿನಟರಲ್ಲ, ಹಳ್ಳಿಯ ಜನರೇ. ಆ ಬೈಗುಳದ ಭಾಷೆಯನ್ನು ಕೇಳಿ ನನ್ನಾಕೆ ಆರಂಭದಲ್ಲಿ ಹುಬ್ಬು ಗಂಟಿಕ್ಕಿದಳು, ಆಮೇಲೆ ನನಗಿಂತ ಜೋರಾಗಿ ನಕ್ಕಳು. ಕುರಿಗಾಹಿಗಳ ಬೆಂಕಿಯ ಮುಂದೆ ಕುಳಿತು ಗಡ್ಡಪ್ಪ ತನ್ನ ಹಳೆಯ ನೋವನ್ನು ಹೇಳುವ ಹೊತ್ತಿಗೆ ಮಾತ್ರ ಇಬ್ಬರ ನಗುವೂ ನಿಂತುಹೋಯಿತು. ಊರೆಲ್ಲ ಅಲೆಮಾರಿಯೆಂದು ಹಾಸ್ಯ ಮಾಡುವ ಮನುಷ್ಯನೊಬ್ಬ ಏಕೆ ಮನೆಯೊಳಗೆ ನಿಲ್ಲಲಾರ ಎಂಬುದು ಆಗಲೇ ತಿಳಿಯುವುದು.

'777 ಚಾರ್ಲಿ'ಯ ಬಗ್ಗೆ ಹೆಚ್ಚೇನೂ ಹೇಳಲಾರೆ. ನಾಯಿ ಚೆನ್ನಾಗಿ ನಟಿಸಿದೆ. ಅಳಿಸಲೇಬೇಕೆಂದು ಹಟತೊಟ್ಟ ಚಿತ್ರದ ಮುಂದೆ ನಾನೂ ಹಟ ಹಿಡಿದು ಕುಳಿತೆ, ಕೊನೆಗೆ ಸೋತೆ.

ಇರಾನಿನ ಮಜೀದ್ ಮಜೀದಿ 1997ರಲ್ಲಿ ತೆಗೆದ 'ಚಿಲ್ಡ್ರನ್ ಆಫ್ ಹೆವನ್' ಅನ್ನು ಮಾತ್ರ ಎರಡು ಬಾರಿ ನೋಡಿದೆ. ತಂಗಿಯ ಬೂಟುಗಳನ್ನು ಕಳೆದುಕೊಂಡ ಹುಡುಗ ತನ್ನದೊಂದೇ ಜೊತೆಯನ್ನು ಅವಳೊಂದಿಗೆ ಹಂಚಿಕೊಳ್ಳುತ್ತಾನೆ. ಅವಳು ಶಾಲೆ ಮುಗಿಸಿ ಓಡಿಬರಬೇಕು, ಇವನು ತೊಟ್ಟು ಶಾಲೆಗೆ ಓಡಬೇಕು. ತಂದೆಗೆ ಹೇಳುವಂತಿಲ್ಲ, ಮನೆಯಲ್ಲಿ ಹಣವಿಲ್ಲ. ಓಟದ ಸ್ಪರ್ಧೆಯಲ್ಲಿ ಮೂರನೆಯ ಬಹುಮಾನ ಒಂದು ಜೊತೆ ಬೂಟು ಎಂದು ತಿಳಿದು ಓಡಿದವನು, ಪಾಪ, ಮೊದಲನೆಯವನಾಗಿಬಿಡುತ್ತಾನೆ. ತಡವಾಗಿ ಬಂದ ಅದೆಷ್ಟು ಮಕ್ಕಳನ್ನು ನಾನು ಕಾರಣ ಕೇಳದೆ ಬಾಗಿಲ ಹೊರಗೆ ನಿಲ್ಲಿಸಿದ್ದೇನೋ, ಅವರ ಕಾಲುಗಳನ್ನು ಒಮ್ಮೆಯೂ ನೋಡಿದ ನೆನಪಿಲ್ಲ.

ಐದನೆಯ ವಾರದಲ್ಲಿ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಬಂತು. 2016ರಲ್ಲಿ ಹೇಮಂತ್ ರಾವ್ ನಿರ್ದೇಶಿಸಿದ ಚಿತ್ರ. ಕಾಣೆಯಾದವರ ಬಗೆಗಿನ ಪ್ರಕಟಣೆಗಳಲ್ಲಿ ಹಿಂದೆ ನಾವೆಲ್ಲ ಕೇಳುತ್ತಿದ್ದ ಮಾತೇ ಅದರ ಹೆಸರು. ನೆನಪು ಅಳಿಸುತ್ತಿರುವ ವೆಂಕೋಬರಾಯರಾಗಿ ಅನಂತ ನಾಗ್ ನಟಿಸಿದ್ದಾರೆ. ಮಗನ ಅಜಾಗರೂಕತೆಯಿಂದ ಅವರು ಕಾಣೆಯಾಗುತ್ತಾರೆ. ಕೊಲೆಗಾರರ ಉಪಕಥೆಯೊಂದು ನಡುವೆ ಬರುತ್ತದೆ; ಅದು ಇಲ್ಲದಿದ್ದರೂ ನಡೆಯುತ್ತಿತ್ತೆಂದು ನನ್ನ ಅಭಿಪ್ರಾಯ. ಆದರೆ ಮಗ ತಂದೆಯ ಭಾವಚಿತ್ರ ಹಿಡಿದು ಬೀದಿ ಬೀದಿ ಹುಡುಕತೊಡಗಿದಾಗ ನಾನು ನನ್ನಾಕೆಗೆ ಚಿತ್ರ ನಿಲ್ಲಿಸಲು ಹೇಳಿದೆ. ಅವಳು ಕಾರಣ ಕೇಳಲಿಲ್ಲ.

ನಮ್ಮ ಅಮ್ಮನಿಗೂ ಕೊನೆಯ ಮೂರು ವರ್ಷ ಮರೆವು ಆವರಿಸಿತ್ತು; ನಮ್ಮೊಂದಿಗೇ ಇದ್ದಳು. 2011ರ ಏಪ್ರಿಲ್ 2, ವಿಶ್ವಕಪ್ ಕ್ರಿಕೆಟ್ಟಿನ ಅಂತಿಮ ಪಂದ್ಯ. ನನ್ನಾಕೆ ಸಂಜೆಯ ಪ್ರಾರ್ಥನೆಗೆ ಹೋಗಿದ್ದಳು, ಅಮ್ಮನನ್ನು ನೋಡಿಕೊಳ್ಳುವುದು ನನ್ನ ಪಾಲಿಗಿತ್ತು. ಸಚಿನ್ ಔಟಾದಾಗ ಬೇಸರದಿಂದ ಎದ್ದು ನೋಡಿದರೆ ಗೇಟು ತೆರೆದಿತ್ತು. ಬೀದಿಗಳು ನಿರ್ಜನ, ಜನರೆಲ್ಲ ಟಿ.ವಿ.ಯ ಮುಂದೆ. ರಾತ್ರಿ ಒಂಬತ್ತೂವರೆಗೆ ಅಮ್ಮ ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ. ಹೂ ಮಾರುವ ಹೆಂಗಸೊಬ್ಬಳು ಅವಳನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ಚಹಾ ಕುಡಿಸಿ, ಅಂಗಡಿ ಕಟ್ಟುವ ವೇಳೆ ಮೀರಿದರೂ ಕಾಯುತ್ತಿದ್ದಳು. "ನಮ್ಮನೆಯವರು ಈ ಬಸ್ಸಿಗೆ ಬರ್ತಾರೆ ಅಂತಾ ಅವ್ರೆ, ಹೆಂಗ್ ಬಿಟ್ಟೋಗ್ಲಿ ಸ್ವಾಮಿ?" ಎಂದಳು. ಅಪ್ಪ ತೀರಿಕೊಂಡು ಆಗ ಇಪ್ಪತ್ತೆರಡು ವರ್ಷವಾಗಿತ್ತು.

ಬೆಂಗಳೂರಿನಲ್ಲಿರುವ ಅಣ್ಣನಿಗೆ, ನಾನು ಸ್ನಾನಕ್ಕೆ ಹೋಗಿದ್ದಾಗ ಅಮ್ಮ ಹೊರಟುಹೋದಳೆಂದು ಹೇಳಿದೆ. ಮರುವರ್ಷ ಅಮ್ಮ ತೀರಿಕೊಂಡಳು. ಆ ಸುಳ್ಳು ಹಾಗೆಯೇ ಉಳಿಯಿತು.

ಚಿತ್ರದ ಉಳಿದ ಭಾಗವನ್ನು ಮರುದಿನ ನೋಡಿ ಮುಗಿಸಿದೆವು. "ಈಗಲಾದರೂ ಭಾವನವರಿಗೆ ಹೇಳಿಬಿಡಿ" ಎಂದಳು ನನ್ನಾಕೆ. ಅಣ್ಣನಿಗೆ ಫೋನು ಮಾಡಿ, ಮೊದಲು ಕಾಲಿನ ವಿಷಯ, ಆಮೇಲೆ ಅನಂತ ನಾಗ್ ಅವರ ನಟನೆಯ ವಿಷಯ, ಕೊನೆಗೆ ಕ್ರಿಕೆಟ್ ಪಂದ್ಯದ ವಿಷಯ ಹೇಳಿದೆ. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಆ ಹೂವಿನವಳ ಹೆಸರೇನೋ?" ಎಂದಷ್ಟೇ ಕೇಳಿದ.

ನಾನು ಕೇಳಿರಲಿಲ್ಲ. ಹಣ ಕೊಡಹೋದೆ, ಅವಳು ಬೇಡವೆಂದಳು, ಆಟೋ ಹತ್ತಿ ಬಂದುಬಿಟ್ಟೆ.

ಕಾಲಿನ ಕಟ್ಟು ಬಿಚ್ಚಿದ ಮೇಲೆ ಊರುಗೋಲು ಹಿಡಿದು ಮೊದಲು ಹೋದದ್ದು ಬಸ್ ನಿಲ್ದಾಣಕ್ಕೆ. ಹೂವಿನ ಸಾಲು ಅಲ್ಲಿಯೇ ಇದೆ, ಕುಳಿತವರೆಲ್ಲ ಚಿಕ್ಕ ವಯಸ್ಸಿನವರು. ಎರಡು ಮೊಳ ಸೇವಂತಿಗೆ ಕೊಂಡು, ಹಿಂದೆ ಇಲ್ಲಿ ಯಾರು ಕೂರುತ್ತಿದ್ದರೆಂದು ವಿಚಾರಿಸಿದೆ. ಶುಕ್ರವಾರ ಬಂದರೆ ಅತ್ತೆಯನ್ನು ಕೇಳಿ ಹೇಳುತ್ತೇನೆಂದು ಒಬ್ಬಳು ಅಂದಿದ್ದಾಳೆ.