ಹತ್ತಿಗಾಗಿ ಹಚ್ಚಿದ ದೀಪ

ಕಾರವಾರದ ದಂಡೆಯ ಮೇಲೆ ನಿಂತು ಪಡುವಣಕ್ಕೆ ಕಣ್ಣು ಹಾಯಿಸಿದರೆ ಕಡಲ ನಡುವೆ ದ್ವೀಪಗಳು ಕಾಣುತ್ತವೆ. ಬ್ರಿಟಿಷರು ಆಯ್‌ಸ್ಟರ್ ರಾಕ್ಸ್ ಎಂದು ಕರೆದ ಗುಂಪಿನಲ್ಲಿ ದೊಡ್ಡದು ದೇವಗಡ. ಅದರ ನೆತ್ತಿಯ ಮೇಲೆ ಒಂದು ದೀಪಸ್ತಂಭವಿದೆ, 1864ರಲ್ಲಿ ಸ್ಥಾಪನೆಯಾದದ್ದು. ಕರಾವಳಿಯ ಬಂದರುಗಳ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನ್ನನ್ನು ಆ ಕಟ್ಟಡಕ್ಕಿಂತ ಅದರ ಇಸವಿಯೇ ಹೆಚ್ಚು ಕಾಡಿದೆ. 1864ರಲ್ಲೇ ಯಾಕೆ?

ಉತ್ತರಕ್ಕಾಗಿ ಅಮೆರಿಕದವರೆಗೆ ಹೋಗಬೇಕು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಬಂದ್ ಮಾಡಿತು. ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಆಗ ಮ್ಯಾಂಚೆಸ್ಟರಿನವರ ಕಣ್ಣು ಬಿದ್ದದ್ದು ಧಾರವಾಡದ ಎರೆಹೊಲಗಳ ಮೇಲೆ. ಅಮೆರಿಕದ ತಳಿಯ ಹತ್ತಿಯನ್ನು ಅಲ್ಲಿ 1840ರ ದಶಕದಿಂದಲೇ ಬೆಳೆಯುತ್ತಿದ್ದರು. ಆ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾದಿಂದ ಪತ್ತೇಮಾರಿಗಳಲ್ಲಿ ಮುಂಬೈಗೆ ಹೋಗುತ್ತಿತ್ತು. ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಅದರ ಒಂದು ಬಗೆಗೆ 'ಕುಮಟಾ' ಎಂದೇ ಹೆಸರಿತ್ತು. ಆದರೆ ಕುಮಟಾದ ಕಡಲು ಬಟಾಬಯಲು. ಕಾರವಾರಕ್ಕೋ ಗುಡ್ಡ, ದ್ವೀಪಗಳ ಆಸರೆ.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಲಾಯಿತು. ಹಳ್ಳಿಯಂತಿದ್ದ ಕಾರವಾರ ಜಿಲ್ಲಾ ಕೇಂದ್ರವಾಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಕಾಳಿ ನದಿಯಾಚೆಯ ಸದಾಶಿವಗಡಕ್ಕೆ ತಂದಿಳಿಸಿತು. ಯಂತ್ರ ಬಂತು, ಘಟ್ಟದ ರಸ್ತೆ ಮುಗಿದಿರಲಿಲ್ಲ. ಈ ಅವಸರದ ನಡುವೆ ದೇವಗಡದ ದೀಪ ಹೊತ್ತಿತು. ಮರುವರ್ಷ, 1865ರಲ್ಲಿ, ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಕಂಪನಿ ಬಾಗಿಲು ಹಾಕಿತು.

ಉಳಿದಿದ್ದ ಆಸೆ ರೈಲಿನದು. ಅದೂ ತಪ್ಪಿತು. 1878ರಲ್ಲಿ ಬ್ರಿಟಿಷರು ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡರು. ಹತ್ತು ವರ್ಷದೊಳಗೆ ಹಳಿಗಳು ಕ್ಯಾಸಲ್‌ರಾಕ್ ಮೂಲಕ ಗೋವೆಯ ಮರ್ಮಗೋವಾಕ್ಕೆ ಇಳಿದವು. ಬಯಲುಸೀಮೆಯ ಸರಕು ಅತ್ತ ತಿರುಗಿತು. 1883ರಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ರವೀಂದ್ರನಾಥ ಠಾಕೂರರಿಗೆ 22 ವರ್ಷ. ಗಾಳಿಮರಗಳ ದಂಡೆ, ಬೆಳದಿಂಗಳ ಕಾಳಿ ನದಿ ಅವರ ಮನಸ್ಸಿನಲ್ಲಿ ಉಳಿದವು. ಅವರನ್ನು ಹಿಡಿದ ಆ ನಿಶ್ಶಬ್ದದಲ್ಲಿ ಹಡಗುಗಳು ಬಾರದೆ ಹೋದದ್ದರ ಪಾಲೂ ಇತ್ತು ಎಂದು ನನಗನ್ನಿಸುತ್ತದೆ.

ಹಾಗಾದರೆ ದೀಪ ಯಾರಿಗೆ ಉರಿಯಿತು? ಬೈತಖೋಲದಲ್ಲಿ ಬಲೆ ಸರಿಪಡಿಸುತ್ತಿದ್ದ ಒಬ್ಬ ಅಜ್ಜನಿಗೆ ನಾನು ಹತ್ತಿಯ ಕತೆಯನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ ಅವರು ಅಂದದ್ದು ಇಷ್ಟೇ: "ಹತ್ತಿ ಗಿತ್ತಿ ನಮಗೆ ಗೊತ್ತಿಲ್ಲ ತಮ್ಮಾ. ರಾತ್ರಿ ದೀಪ ಕಂಡ್ರೆ ಮನೆ ಬಂತು ಅಂತ ಲೆಕ್ಕ."

ನಾನು ಓದಿದ ಸರ್ಕಾರಿ ಬರಹಗಳಲ್ಲಿ ಸರಕಿನ ಲೆಕ್ಕ ಸಿಗುತ್ತದೆ, ಈ ಲೆಕ್ಕ ಸಿಗುವುದಿಲ್ಲ. ದೀಪಸ್ತಂಭಕ್ಕೆ ಸುಂಕ ಕೊಡುವ ಹಡಗು, ಮೀನಿನ ದೋಣಿ ಎಂಬ ಭೇದವಿಲ್ಲ. ಕಾಗದಕ್ಕೆ ಇದೆ. ಯಾರಿಗಾಗಿ ಕಟ್ಟಿದರು ಎಂಬಲ್ಲಿಗೆ ಬಂದರಿನ ಚರಿತ್ರೆಯನ್ನು ನಿಲ್ಲಿಸಿದರೆ ಯಾರು ಬಳಸಿದರು ಎಂಬುದು ಬಿಟ್ಟೇ ಹೋಗುತ್ತದೆ.

ಇದು ಹಳೆಯ ಮಾತಷ್ಟೇ ಅಲ್ಲ. ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆಯನ್ನು ವಿರೋಧಿಸಿ ಮೀನುಗಾರರು ಬೀದಿಗಿಳಿದರು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಇನ್ನೂ ನಡೆದೇ ಇದೆ. ಪ್ರತಿ ಸಲವೂ ಮುಂದೆ ಬರಲಿರುವ ಹಡಗುಗಳನ್ನು ಎಣಿಸಲಾಗುತ್ತದೆ. ಈಗಾಗಲೇ ಇರುವ ದೋಣಿಗಳನ್ನು ಎಣಿಸುವ ಕೆಲಸ ಯಾರದು? ನನ್ನ ಪ್ರಬಂಧದ ಒಂದು ಅಧ್ಯಾಯವಾದರೂ ಅಲ್ಲಿಂದ ಶುರುವಾಗಬೇಕು.